ಮೂಕಜೀವಿಗಳ ಬಾಗಿಲಲ್ಲಿ ನಮ್ಮ ಕಾಲೇಜು ಮಕ್ಕಳು

ಜೀವಂಧರ ಕುಮಾರನ ಕಥೆ ನಮ್ಮ ಮನೆಗಳಿಗೆ ಹೊಸದಲ್ಲ. ಯಜ್ಞದ ಅಡುಗೆಯನ್ನು ಮುಟ್ಟಿತೆಂದು ಕೆಲವರು ಒಂದು ನಾಯಿಯನ್ನು ಬಡಿದು ಹಾಕಿರುತ್ತಾರೆ. ಆ ದಾರಿಯಲ್ಲಿ ಬಂದ ಜೀವಂಧರ ಅದರ ಪಕ್ಕದಲ್ಲಿ ಕುಳಿತು, ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳುತ್ತಾನೆ. ನಾಯಿ ಪ್ರಾಣ ಬಿಟ್ಟು ಸುದರ್ಶನನೆಂಬ ಯಕ್ಷನಾಗಿ ಹುಟ್ಟುತ್ತದೆ, ಮುಂದೆ ಅವನ ಕಷ್ಟಕಾಲದಲ್ಲಿ ನೆರವಿಗೆ ಬರುತ್ತದೆ. 1424ರಲ್ಲಿ ಭಾಸ್ಕರ ಕವಿ ಈ ಕಥೆಯನ್ನು ಕನ್ನಡದ ಷಟ್ಪದಿಯಲ್ಲಿ ಹಾಡಿದ. ಅಂದಿನಿಂದ ಇಂದಿನವರೆಗೆ ಅಜ್ಜಿಯರು ಮೊಮ್ಮಕ್ಕಳಿಗೆ ಇದನ್ನು ಹೇಳುತ್ತಲೇ ಬಂದಿದ್ದಾರೆ.

ಆ ಮೊಮ್ಮಕ್ಕಳು ಈಗ ಕಾಲೇಜಿನಲ್ಲಿದ್ದಾರೆ. ಹೊಸೂರು, ಕೃಷ್ಣಗಿರಿ, ಧರ್ಮಪುರಿ, ಸೇಲಂಗಳಲ್ಲಿ ಓದುವ ಹುಡುಗ ಹುಡುಗಿಯರು ಬೆಂಗಳೂರಿನಿಂದ ಸೇಲಂಗೆ ಹೋಗುವ ಹೆದ್ದಾರಿಯಲ್ಲಿ ತಿಂಗಳಿಗೆ ಒಂದೆರಡು ಬಾರಿಯಾದರೂ ಓಡಾಡುತ್ತಾರೆ. ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ ಲಾರಿಗೆ ಸಿಕ್ಕ ನಾಯಿ, ಕಾಲು ಮುರಿದು ಬಿದ್ದ ಕರು, ಇವು ಅವರ ಕಣ್ಣಿಗೆ ಬೀಳುತ್ತವೆ. ಬಸ್ಸು ನಿಲ್ಲುವುದಿಲ್ಲ. ಆದರೆ ಕೆಲವು ಮಕ್ಕಳ ಮನಸ್ಸು ಅಲ್ಲಿಯೇ ನಿಂತುಬಿಡುತ್ತದೆ. ಊರು ಸೇರಿದ ಮೇಲೆ ಅವರು ಪ್ರಾಣಿಗಳ ಆಶ್ರಯ ಎಲ್ಲಿದೆ ಎಂದು ಹುಡುಕಿ, ಭಾನುವಾರ ಅಲ್ಲಿಗೆ ಹೋಗಿ, ಗೆಳೆಯರಿಂದ ಹತ್ತಿಪ್ಪತ್ತು ರೂಪಾಯಿ ಕೂಡಿಸತೊಡಗುತ್ತಾರೆ. ಇಂಥ ಮಕ್ಕಳಿಗೂ, 'ಓದುವುದು ಬಿಟ್ಟು ನಾಯಿ ಹಿಂದೆ ಯಾಕೋ?' ಎಂದು ಕೇಳುವ ಅವರ ತಂದೆ ತಾಯಿಗಳಿಗೂ ಈ ಲೇಖನ.

ಈ ನೆಲಕ್ಕೆ ದಾನ ಹೊಸದಲ್ಲ

ಧರ್ಮಪುರಿಯ ಹಳೆಯ ಹೆಸರು ತಗಡೂರು. ಅಲ್ಲಿ ದೊರೆತ ಶಕ 815ರ, ಅಂದರೆ ಕ್ರಿ.ಶ. 893ರ ಕನ್ನಡ ಶಾಸನವೊಂದು ನೊಳಂಬ ದೊರೆ ಮಹೇಂದ್ರನ ಕಾಲದ್ದು. ನಿಧಿಯಣ್ಣ, ಚಂಡಿಯಣ್ಣ ಎಂಬ ಶ್ರೇಷ್ಠಿಪುತ್ರರಿಬ್ಬರು ಅಲ್ಲಿ ಬಸದಿ ಕಟ್ಟಿಸಿದರು. ಅರಸನಿಂದ ಪಡೆದ ಮೂಲಪಳ್ಳಿ ಗ್ರಾಮವನ್ನು ನಿಧಿಯಣ್ಣ ಆ ಬಸದಿಯ ಪೂಜೆ ಮತ್ತು ಜೀರ್ಣೋದ್ಧಾರಕ್ಕೆಂದು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದ. ಬಸದಿ ಕಟ್ಟಿಸಿದರೆ ಸಾಲದು, ಅದು ನಡೆಯುವುದಕ್ಕೆ ವರ್ಷ ವರ್ಷವೂ ಆದಾಯ ಬೇಕು ಎಂಬ ತಿಳಿವಳಿಕೆ ಆ ವರ್ತಕ ಮನೆತನಕ್ಕೆ ಇತ್ತು. ಪ್ರಾಣಿಗಳ ಆಶ್ರಯ ನಡೆಸುವವರಿಗೆ ಇದಕ್ಕಿಂತ ದೊಡ್ಡ ಪಾಠವಿಲ್ಲ.

ತಮಿಳರ ಸಂಗಂ ಸಾಹಿತ್ಯ ಹೊಗಳುವ ಏಳು ಮಂದಿ ಮಹಾದಾನಿಗಳಲ್ಲಿ ತಗಡೂರಿನ ಅದಿಯಮಾನ್ ಒಬ್ಬ. ಚಳಿಯಲ್ಲಿ ನಡುಗುತ್ತಿದೆ ಎಂದು ನವಿಲಿಗೆ ತನ್ನ ಹೊದಿಕೆಯನ್ನೇ ಹೊದಿಸಿದ ಪೇಗನ್ ಇನ್ನೊಬ್ಬ. ತಿರುಕ್ಕುರಳ್ ಗ್ರಂಥದಲ್ಲಿ ಮಾಂಸತ್ಯಾಗಕ್ಕೆ ಒಂದು, ಕೊಲ್ಲದಿರುವುದಕ್ಕೆ ಒಂದು ಅಧಿಕಾರವೇ ಇದೆ. ಆದ್ದರಿಂದ ಸೇಲಂನ ಬೀದಿಯಲ್ಲಿ ಡಬ್ಬಿ ಹಿಡಿದು ನಿಲ್ಲುವ ನಮ್ಮ ಮಕ್ಕಳು ಪರಕೀಯವಾದ ಮಾತನ್ನೇನೂ ಆಡುತ್ತಿಲ್ಲ.

ಮನೆಯಂಗಳದಲ್ಲಿ ಹುಟ್ಟಿದ ಸಂಸ್ಥೆ

ದೊಡ್ಡ ಬಂಡವಾಳವಿದ್ದರೆ ಮಾತ್ರ ಇಂಥ ಕೆಲಸ ಎಂದು ಹಿಂಜರಿಯುವವರು ಚೆನ್ನೈನ ಬ್ಲೂ ಕ್ರಾಸ್ ಸಂಸ್ಥೆಯ ಆರಂಭವನ್ನು ನೆನೆಯಬೇಕು. ಕ್ಯಾಪ್ಟನ್ ವಿ. ಸುಂದರಂ ವಿಮಾನ ಚಾಲಕರು, ಹಿಂದೆ ಮೈಸೂರು ಮಹಾರಾಜರ ವಿಮಾನವನ್ನು ನಡೆಸಿದವರು. ಅವರ ಪತ್ನಿ ಉಷಾ ಬೆಂಗಳೂರಿನ ಜಕ್ಕೂರಿನಲ್ಲಿ ತರಬೇತಿ ಪಡೆದ ವಿಮಾನ ಚಾಲಕಿ. 1959ರ ಒಂದು ಮಳೆಗಾಲದಲ್ಲಿ ಮದರಾಸಿನ ನೀರು ತುಂಬಿದ ರಸ್ತೆಯಲ್ಲಿ ಮುಳುಗುತ್ತಿದ್ದ ಎರಡು ನಾಯಿಮರಿಗಳನ್ನು ಸುಂದರಂ ಎತ್ತಿಕೊಂಡು ಮನೆಗೆ ತಂದರು. ಕೆಲಸ ಮನೆಯಲ್ಲೇ ಆರಂಭವಾಯಿತು. 1964ರಲ್ಲಿ ಸಂಸ್ಥೆ ನೋಂದಣಿಯಾಯಿತು. ಮಗ ಚಿನ್ನಿ ಕೃಷ್ಣ ಆ ಆರಂಭದ ದಿನಗಳಲ್ಲಿ ಇನ್ನೂ ಓದುವ ಹುಡುಗ. ಅವರು ಮುಂದೆ ಇಂಜಿನಿಯರ್ ಆದರು, ಆದರೆ ಈ ಕೆಲಸವನ್ನು ಕೈಬಿಡಲಿಲ್ಲ. ಬೀದಿನಾಯಿಗಳನ್ನು ಕೊಲ್ಲುವ ಬದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗಕ್ಕೆ ಲಸಿಕೆ ಹಾಕಬೇಕೆಂದು ಬ್ಲೂ ಕ್ರಾಸ್ 1964ರಿಂದಲೇ ಹೇಳುತ್ತ ಬಂತು. ಚೆನ್ನೈ ನಗರಪಾಲಿಕೆ ಅದನ್ನು ಒಪ್ಪಿಕೊಂಡದ್ದು 1990ರ ದಶಕದ ನಡುವಿನಲ್ಲಿ. ಮೂವತ್ತು ವರ್ಷ ಕಾಯುವ ತಾಳ್ಮೆ ಬೇಕಾಯಿತು.

ಬೆಂಗಳೂರಿನಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆ 'ಕ್ಯೂಪಾ' ಸಂಸ್ಥೆಯನ್ನು ಆರಂಭಿಸಿದ್ದು 1991ರಲ್ಲಿ. ಆಗ ಅವರು ಇಳಿವಯಸ್ಸಿನವರು. ಇತ್ತ ನಮ್ಮ ಸಮಾಜದ ಪಿಂಜರಾಪೋಲ್ ಪರಂಪರೆಯೂ ಇದೆ. 1832ರಲ್ಲಿ ಮುಂಬಯಿಯಲ್ಲಿ ಬೀದಿನಾಯಿಗಳನ್ನು ಕೊಲ್ಲಲು ಸರ್ಕಾರ ಆಜ್ಞೆ ಮಾಡಿದಾಗ ಊರೇ ಎದ್ದು ನಿಂತಿತು. ಅದರ ಬೆನ್ನಿಗೆ 1834ರಲ್ಲಿ ಪಾರಸಿ ಮತ್ತು ಜೈನ ವರ್ತಕರು ಸೇರಿ ಅಲ್ಲಿ ಪಿಂಜರಾಪೋಲ್ ಕಟ್ಟಿದರು. ಪಿಂಜರಾಪೋಲ್ ಎಂದರೆ ಹಸು ಮಾತ್ರ ಎಂದು ನಾವು ತಿಳಿದಿದ್ದೇವೆ. ಆದರೆ ಮುಂಬಯಿಯ ಆ ಕಥೆ ಹೊರಟದ್ದೇ ನಾಯಿಯಿಂದ.

ನಾಲ್ಕು ದಾನಗಳು, ನಾಲ್ಕು ಕೆಲಸಗಳು

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನವನ್ನು ನಾವು ಪಾಠಶಾಲೆಯಲ್ಲಿ ಕಲಿತಿದ್ದೇವೆ. ಕಾಲೇಜು ಮಕ್ಕಳ ಕೆಲಸವನ್ನೂ ಇದೇ ಕ್ರಮದಲ್ಲಿ ಹಂಚಿಕೊಳ್ಳಬಹುದು.

ಆಹಾರದಾನ: ದೊಡ್ಡ ದನವೊಂದಕ್ಕೆ ದಿನಕ್ಕೆ ಸುಮಾರು 15ರಿಂದ 20 ಕಿಲೋ ಹಸಿಮೇವು, ನಾಲ್ಕೈದು ಕಿಲೋ ಒಣಹುಲ್ಲು ಬೇಕು. ಸುಗ್ಗಿ ಮುಗಿದ ಹೊತ್ತಿನಲ್ಲಿ ರಾಗಿಹುಲ್ಲು, ಜೋಳದ ದಂಟು ಅಗ್ಗ. ಬೇಸಿಗೆಯಲ್ಲಿ ಅವೇ ತುಟ್ಟಿ. ಆದ್ದರಿಂದ ಗೋಶಾಲೆಗೆ ಹಣ ಕೂಡಿಸುವವರು ಏಪ್ರಿಲ್‌ನಲ್ಲಿ ಓಡಾಡುವ ಬದಲು ಜನವರಿಯಲ್ಲೇ ಕೂಡಿಸಿ ಮೇವು ಒಟ್ಟಿಸಿಕೊಡಬೇಕು. ಅದೇ ಹಣಕ್ಕೆ ಹೆಚ್ಚು ಮೇವು ಬರುತ್ತದೆ. ಸೇಲಂನ ಬೇಸಿಗೆಯ ಬಿಸಿಲಿಗೆ ಮನೆ ಮುಂದೆ ಒಂದು ಸಿಮೆಂಟು ತೊಟ್ಟಿ ಇಟ್ಟು ದಿನಾ ನೀರು ಬದಲಿಸುವುದೂ ದಾನವೇ.

ಔಷಧದಾನ: ಹಿಂದಿನ ಸೇಲಂ ಜಿಲ್ಲೆಗೆ ಸೇರಿದ್ದ ನಾಮಕ್ಕಲ್‌ನಲ್ಲಿ 1985ರಿಂದ ಪಶುವೈದ್ಯ ಕಾಲೇಜು ಇದೆ. ಸೇಲಂ ಜಿಲ್ಲೆಯ ತಲೈವಾಸಲ್‌ನಲ್ಲಿ ಇನ್ನೊಂದು 2021ರಲ್ಲಿ ಉದ್ಘಾಟನೆಯಾಯಿತು. ಗಾಯಗೊಂಡ ಪ್ರಾಣಿಗೆ ಮಕ್ಕಳು ತಾವೇ ವೈದ್ಯ ಮಾಡಬಾರದು. ಪಶುವೈದ್ಯರಲ್ಲಿಗೆ ಒಯ್ಯುವುದು, ಚೀಟಿಯಂತೆ ಔಷಧ ತರುವುದು, ಗಾಯ ತೊಳೆಯುವಾಗ ಹಿಡಿದುಕೊಳ್ಳುವುದು, ಇಷ್ಟೇ ದೊಡ್ಡ ಸಹಾಯ.

ಅಭಯದಾನ: ಇದು ಚಿಕ್ಕ ಚಿಕ್ಕ ಕೆಲಸಗಳ ಮೊತ್ತ. ಗೂಡು ತೊಳೆಯುವುದು, ಹಳೆಯ ಗೋಣಿ, ಬೆಡ್‌ಶೀಟು, ರದ್ದಿ ಪೇಪರು ಕೂಡಿಸಿ ಕೊಡುವುದು, ಮರಿಗಳಿಗೆ ಒಳ್ಳೆಯ ಮನೆ ಹುಡುಕುವುದು, ರಾತ್ರಿ ವಾಹನದವರಿಗೆ ಕಾಣುವಂತೆ ಹೊಳೆಯುವ ಕೊರಳಪಟ್ಟಿ ಕಟ್ಟುವುದು.

ಶಾಸ್ತ್ರದಾನ: ತಿಳಿವಳಿಕೆ ಹಂಚುವುದು. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಏನು ಹೇಳುತ್ತದೆ, ಜೀವಿಗಳಲ್ಲಿ ಕರುಣೆ ತೋರುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿಯಲ್ಲಿದೆ, ಎಸೆದ ಪ್ಲಾಸ್ಟಿಕ್ ಹಸುವಿನ ಹೊಟ್ಟೆಯಲ್ಲಿ ಗಂಟಾಗಿ ಅದನ್ನು ಹೇಗೆ ಕೊಲ್ಲುತ್ತದೆ, ಇವನ್ನು ಶಾಲೆಗಳಿಗೆ ಹೋಗಿ ಹೇಳಬಹುದು. ಕಾಲೇಜಿನಲ್ಲಿ ಎನ್.ಎಸ್.ಎಸ್. ಇದ್ದರೆ ಇನ್ನೂ ಸುಲಭ. 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ವಿದ್ಯಾರ್ಥಿ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು. ಅದರಲ್ಲಿ ಒಂದು ಪಾಲನ್ನು ಪ್ರಾಣಿಸೇವೆಗೆ ಕೊಡಿ ಎಂದು ಕಾರ್ಯಕ್ರಮಾಧಿಕಾರಿಗಳನ್ನು ಕೇಳಿಕೊಳ್ಳಿ.

ಡಬ್ಬಿಯ ಲೆಕ್ಕ

ಹಣದ ವಿಷಯದಲ್ಲಿ ಭಾವುಕತೆ ಸಲ್ಲದು. ಒಂದು ನಾಯಿಯ ಊಟಕ್ಕೆ ದಿನಕ್ಕೆ 50 ರೂಪಾಯಿ ಎಂದೇ ಇಟ್ಟುಕೊಳ್ಳಿ. 30 ನಾಯಿಗಳಿಗೆ ದಿನಕ್ಕೆ 1,500, ತಿಂಗಳಿಗೆ 45,000 ರೂಪಾಯಿ. ಕಾಲೇಜು ಉತ್ಸವದಲ್ಲಿ ತಿಂಡಿ ಅಂಗಡಿ ಇಟ್ಟು ಹತ್ತು ಸಾವಿರ ಗಳಿಸಿದರೆ ಅದು ಒಂದು ವಾರಕ್ಕೂ ಸಾಲದು. ಅದಕ್ಕಿಂತ 150 ಮಂದಿ ತಿಂಗಳಿಗೆ ನೂರು ರೂಪಾಯಿಯಂತೆ ತಪ್ಪದೆ ಕೊಟ್ಟರೆ ಹತ್ತು ನಾಯಿಗಳ ಹೊಟ್ಟೆ ವರ್ಷವಿಡೀ ತುಂಬುತ್ತದೆ. ನಿಧಿಯಣ್ಣ ಊರನ್ನು ದತ್ತಿ ಕೊಟ್ಟದ್ದರ ಅರ್ಥ ಇದೇ.

ರಸೀದಿಗೆ ಕ್ರಮಸಂಖ್ಯೆ ಇರಲಿ. ಡಬ್ಬಿಯನ್ನು ಇಬ್ಬರು ಕೂಡಿ ತೆರೆದು ಎಣಿಸಲಿ. ಹಣ ಯಾರ ಸ್ವಂತ ಖಾತೆಗೂ ಹೋಗದೆ ನೇರ ಸಂಸ್ಥೆಯ ಖಾತೆಗೆ ಹೋಗಲಿ. ಲೆಕ್ಕವನ್ನು ಕಾಲೇಜಿನ ನೋಟೀಸು ಬೋರ್ಡಿನಲ್ಲಿ ಹಾಕಲಿ. ಆದಾಯ ತೆರಿಗೆಯ 80ಜಿ ವಿನಾಯಿತಿ ಬೇಕೆನ್ನುವ ದಾನಿಗಳಿಗೆ ಒಂದು ಮಾತು: 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ಆ ವಿನಾಯಿತಿ ಇಲ್ಲ, ಚೆಕ್ ಅಥವಾ ಬ್ಯಾಂಕಿನ ಮೂಲಕ ಕೊಡಬೇಕು. ವರ್ತಕರ ಮನೆಯ ಮಕ್ಕಳಿಗೆ ಲೆಕ್ಕದ ಶುದ್ಧಿಯನ್ನು ಬೇರೆಯವರು ಕಲಿಸಬೇಕಾಗಿ ಬರಬಾರದು.

ತಂದೆ ತಾಯಿಗಳ ಭಯ

ನಾಯಿ ಕಚ್ಚೀತು ಎಂಬ ತಾಯಂದಿರ ಭಯ ನ್ಯಾಯವಾದದ್ದೇ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿದರೆ ಬದುಕುವುದು ಬಹುತೇಕ ಅಸಾಧ್ಯ. ಆದ್ದರಿಂದ ಆಶ್ರಯದಲ್ಲಿ ಕೆಲಸ ಮಾಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಮುಂಚಿತವಾಗಿಯೇ ವೈದ್ಯರ ಸಲಹೆಯಂತೆ ಮೂರು ಲಸಿಕೆ ಹಾಕಿಸಿಕೊಳ್ಳಬೇಕು: ಮೊದಲ ದಿನ, 7ನೆಯ ದಿನ, 21 ಅಥವಾ 28ನೆಯ ದಿನ. ಕಚ್ಚಿದರೆ ಅಥವಾ ಪರಚಿದರೆ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಮುಂಚೆ ಲಸಿಕೆ ಆಗಿದ್ದರೂ ಮತ್ತೆ ಹಾಕಿಸಿಕೊಳ್ಳಬೇಕಾಗುತ್ತದೆ. ಅರಿಸಿನ, ಸುಣ್ಣ, ಮೆಣಸಿನಪುಡಿ ಹಚ್ಚುವ ಹಳೆಯ ಪದ್ಧತಿ ಬೇಡವೇ ಬೇಡ.

2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಬೀದಿನಾಯಿಗಳಿಗೆ ಗೊತ್ತುಪಡಿಸಿದ ಜಾಗದಲ್ಲಿ ಮಾತ್ರ ಆಹಾರ ಹಾಕಬೇಕೆಂದು ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ನಾಯಿಗಳನ್ನು ತೆಗೆದು, ಸಂತಾನಹರಣ ಮತ್ತು ಲಸಿಕೆಯ ನಂತರ ಆಶ್ರಯಗಳಲ್ಲಿ ಇಡಬೇಕೆಂದು ಆದೇಶಿಸಿತು. ಆದೇಶ ಸುಲಭ. ಆದರೆ ಹಾಗೆ ಒಯ್ದ ನಾಯಿಗೆ ಊಟ, ನೀರು, ನೆರಳು ಯಾರು ಕೊಡಬೇಕು? ಹಾಸ್ಟೆಲಿನ ಬಾಗಿಲಲ್ಲಿ ಅನ್ನ ತಿಂದು ಬೆಳೆದ ನಾಯಿಯನ್ನು ವ್ಯಾನು ಹತ್ತಿಸಿ ಕಳುಹಿಸಿದ ಮೇಲೂ ಅದರ ಋಣ ನಮ್ಮ ಮೇಲಿದೆ ಎಂದು ಮಕ್ಕಳು ತಿಳಿದರೆ ಆ ಆಶ್ರಯ ಉಳಿಯುತ್ತದೆ.

ನಮ್ಮವರೇ ಕೇಳುವ ಪ್ರಶ್ನೆಗಳು

'ಗೋಶಾಲೆಯಾದರೆ ಸರಿ, ನಾಯಿ ಬೆಕ್ಕಿನ ಆಶ್ರಯಕ್ಕೆ ಜೈನರು ಹೋಗಬಹುದೇ? ಅಲ್ಲಿ ಮಾಂಸ ಬೇಯಿಸುತ್ತಾರಲ್ಲ?' ಪ್ರಶ್ನೆ ಸಣ್ಣದಲ್ಲ. ಪಶುವೈದ್ಯರ ಸಲಹೆಯಂತೆ ಸರಿಯಾಗಿ ಹೊಂದಿಸಿದ ಸಸ್ಯಾಹಾರದಲ್ಲಿ ನಾಯಿಗಳು ಬದುಕಬಲ್ಲವು. ಬೆಕ್ಕಿನ ದೇಹಧರ್ಮ ಬೇರೆ, ಅದಕ್ಕೆ ಅಂಥ ಆಹಾರ ಸಾಲದು. ವ್ರತ ಬಿಡದೆ ಮಾಡುವ ಕೆಲಸವೂ ಬೇಕಾದಷ್ಟಿದೆ: ಅನ್ನ, ಮೊಸರು ಒದಗಿಸುವುದು, ಔಷಧ, ಸ್ವಚ್ಛತೆ, ಲೆಕ್ಕಪತ್ರ. ಯಾವುದಕ್ಕೆ ಕೈ ಹಾಕುತ್ತೇವೆ, ಯಾವುದಕ್ಕೆ ಹಾಕುವುದಿಲ್ಲ ಎಂಬುದನ್ನು ಮೊದಲೇ ವಿನಯದಿಂದ ಹೇಳಿದರೆ ಯಾರೂ ಬಲವಂತ ಮಾಡುವುದಿಲ್ಲ.

'ಸಂತಾನಹರಣ ಹಿಂಸೆಯಲ್ಲವೇ?' ಎಂಬುದು ಇನ್ನೊಂದು. ಈ ವಿಷಯದಲ್ಲಿ ನಮ್ಮ ಹಿರಿಯರಲ್ಲೇ ಎರಡು ಮಾತಿದೆ. ಹಿಂಸೆಯನ್ನು ನಮ್ಮ ಆಚಾರ್ಯರು ಭಾವದಿಂದ ಅಳೆದಿದ್ದಾರೆ. ಜನ್ನ ಕವಿ 1209ರಲ್ಲಿ ಬರೆದ ಯಶೋಧರ ಚರಿತೆಯಲ್ಲಿ ಸತ್ತದ್ದು ಹಿಟ್ಟಿನ ಕೋಳಿ, ಆದರೂ ಸಂಕಲ್ಪ ಕೊಲೆಯದಾದ್ದರಿಂದ ಪಾಪ ತಪ್ಪಲಿಲ್ಲ. ಹುಟ್ಟಿ ಹುಟ್ಟಿ ಬೀದಿಯಲ್ಲಿ ಸಾಯುವ ಮರಿಗಳ ಸಂಕಟ ಕಡಿಮೆಯಾಗಲೆಂದು ವೈದ್ಯರು ಹಿಡಿಯುವ ಚೂರಿಯ ಸಂಕಲ್ಪ ಅದಲ್ಲ ಎಂದು ನನಗೆ ತೋರುತ್ತದೆ. ಒಪ್ಪದವರು ತ್ಯಾಗಿಗಳನ್ನು ಕೇಳಿ ತಿಳಿಯಲಿ. ಆದರೆ ಸಂದೇಹವನ್ನು ನೆಪ ಮಾಡಿಕೊಂಡು ಮನೆಯಲ್ಲಿ ಕೂರುವುದು ಬೇಡ. ಅದೇ ಕಾವ್ಯದಲ್ಲಿ ರಾಜ ಯಶೋಧರ ನವಿಲಾಗಿ, ರಾಜಮಾತೆ ಚಂದ್ರಮತಿ ನಾಯಿಯಾಗಿ ಹುಟ್ಟಿದರು. ನಮ್ಮ ಬಾಗಿಲಿಗೆ ಬಂದ ನಾಯಿ ಹಿಂದೆ ಯಾರ ತಾಯಿಯೋ!

ಕೊನೆಯ ಮಾತು, ಮಕ್ಕಳಿಗೆ

ಮೊದಲ ವಾರ ಇಪ್ಪತ್ತು ಮಂದಿ ಹೋಗುತ್ತೀರಿ. ಪರೀಕ್ಷೆ ಹತ್ತಿರ ಬಂದಾಗ ಇಬ್ಬರು ಉಳಿಯುತ್ತೀರಿ. ಪ್ರಾಣಿಗಳಿಗೆ ಪರೀಕ್ಷೆಯ ತಿಂಗಳಲ್ಲೂ ಹಸಿವಾಗುತ್ತದೆ. ಆದ್ದರಿಂದ ಸರದಿಯ ಪಟ್ಟಿ ಮಾಡಿಕೊಳ್ಳಿ. ಕಡೆಯ ವರ್ಷದವರು ಬಿಡುವ ಮುಂಚೆ ಮೊದಲ ವರ್ಷದವರ ಕೈಗೆ ಬೀಗದ ಕೈ ಕೊಟ್ಟು ಹೋಗಿ.

ಇನ್ನೊಂದು ಕಹಿ ಸತ್ಯ. ಆಶ್ರಯಕ್ಕೆ ಬರುವ ಪ್ರಾಣಿಗಳಲ್ಲಿ ಅನೇಕ ಉಳಿಯುವುದಿಲ್ಲ. ನೀವು ಹೆಸರಿಟ್ಟು ಸಾಕಿದ ಮರಿಯೇ ಒಂದು ಬೆಳಿಗ್ಗೆ ಏಳದಿರಬಹುದು. ಅಂದು ಹಲವರು ಮತ್ತೆ ಆ ಕಡೆ ಹೋಗುವುದಿಲ್ಲ. ಆಗ ಅಜ್ಜಿ ಹೇಳಿದ ಕಥೆಯನ್ನು ಇನ್ನೊಮ್ಮೆ ನೆನೆಯಿರಿ. ಜೀವಂಧರ ಕುಮಾರ ಮಹಾವೀರನಾಗಿದ್ದರೂ ಆ ನಾಯಿಯನ್ನು ಬದುಕಿಸಲಾಗಲಿಲ್ಲ. ಎದ್ದು ಹೋಗದೆ ಅದರ ಕಿವಿಯ ಹತ್ತಿರ ಬಾಗಿ ಕುಳಿತ. ಅಷ್ಟೇ ಮಾಡಿದ. ಅಷ್ಟು ನಿಮ್ಮಿಂದಲೂ ಸಾಧ್ಯ.

ಜೈ ಜಿನೇಂದ್ರ.