ಮೀನಿನ ಪಿಕಪ್‌ಗೆ ಕರೆಂಟ್ ಫ್ಯಾನ್: ಘಾಟಿ ಒಪ್ಪೀತೇ?

ಮಂಗಳೂರು ದಕ್ಕೆಯಲ್ಲಿ ನಸುಕಿಗೇ ಮೀನು, ಐಸು ತುಂಬಿಕೊಂಡು ಹೊರಟ ಪಿಕಪ್ ಗುಂಡ್ಯದವರೆಗೆ ಸರಾಗ. ಆಮೇಲೆ ಶುರು ಶಿರಾಡಿ ಏರು. ಸೆಕೆಂಡ್ ಗೇರು, ಮುಂದೆ ಒಂದು ಟ್ಯಾಂಕರು, ಹಿಂದೆ ಲಾರಿಗಳ ಸಾಲು. ಟೆಂಪರೇಚರ್ ಮುಳ್ಳು ಮೆಲ್ಲಗೆ ಕೆಂಪಿನ ಕಡೆ ವಾಲುತ್ತದೆ. ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದರೆ ಮುಖಕ್ಕೇ ಹಬೆ! ಹಾಸನದ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರೆ ಇಲ್ಲಿ ಐಸು ಕರಗಿ ರಸ್ತೆಗೆ ಹರಿಯುತ್ತಿರುತ್ತದೆ. ಬಂಗುಡೆಗೆ ಇಂಜಿನ್ನಿನ ಕಷ್ಟ ಗೊತ್ತಾಗುವುದಿಲ್ಲವಲ್ಲ!

ಇಂಥದ್ದು ಎರಡು ಸಲ ಆಯಿತೆಂದರೆ ಗ್ಯಾರೇಜಿನಲ್ಲಿ ಮಾಲೀಕರ ಮಾತು ಒಂದೇ: "ಅಣ್ಣಾ, ಈ ಫ್ಯಾನ್ ಕಿತ್ತಾಕಿ ಕಾರಿನ ಥರ ಕರೆಂಟ್ ಫ್ಯಾನ್ ಹಾಕ್ಬಿಡಿ."

ಹಾಕಬಹುದು, ಕಷ್ಟವೇನಿಲ್ಲ. ಆದರೆ ಹಳೇ ಫ್ಯಾನಿನ ತಪ್ಪೇನು ಎಂದು ಕೇಳುವವರು ಕಡಿಮೆ.

ಈಗಿನ ಅನೇಕ ಡೀಸೆಲ್ ಪಿಕಪ್‌ಗಳಲ್ಲಿರುವುದು ಕ್ಲಚ್ ಫ್ಯಾನ್. ಗೇರು ಬದಲಿಸುವ ಕ್ಲಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಬೆಲ್ಟಿನಿಂದ ತಿರುಗುವ ಫ್ಯಾನಿನ ನಡುವೆ ಒಂದು ಡಬ್ಬಿ, ಅದರೊಳಗೆ ಮಂದವಾದ ಸಿಲಿಕೋನ್ ಎಣ್ಣೆ. ಡಬ್ಬಿಯ ಮುಂದೆ ಎರಡು ಲೋಹ ಬೆಸೆದ ಸುರುಳಿ ಪಟ್ಟಿ. ರೇಡಿಯೇಟರಿನಿಂದ ಬಿಸಿ ಗಾಳಿ ತಾಗಿದಾಗ ಪಟ್ಟಿ ತಿರುಚಿ ಕಿಂಡಿ ತೆರೆಯುತ್ತದೆ, ಎಣ್ಣೆ ಒಳಗೆ ನುಗ್ಗಿ ಫ್ಯಾನನ್ನು ಹಿಡಿಯುತ್ತದೆ. ಏರಿನಲ್ಲಿ ಇದ್ದಕ್ಕಿದ್ದಂತೆ 'ಭರ್ರ್' ಎಂದು ಸದ್ದು ಎದ್ದರೆ ಫ್ಯಾನ್ ಹಿಡಿಯಿತು ಎಂದೇ ಅರ್ಥ. ತಣ್ಣಗಾದರೆ ಜಾರುತ್ತಾ ಸುಮ್ಮನೆ ಸುತ್ತುತ್ತದೆ.

ವರ್ಷಗಳು ಕಳೆದಂತೆ ಈ ಎಣ್ಣೆ ಸೋರುತ್ತದೆ. ಆಗ ಫ್ಯಾನ್ ಸುತ್ತುತ್ತದೆ, ಗಾಳಿ ಎಳೆಯುವುದಿಲ್ಲ. ಇಂಜಿನ್ ಬಿಸಿಯಿರುವಾಗಲೇ ಆಫ್ ಮಾಡಿ ರೆಕ್ಕೆಯನ್ನು ಕೈಯಿಂದ ತಳ್ಳಿ ನೋಡುವುದು ಗ್ಯಾರೇಜಿನವರ ಪರೀಕ್ಷೆ. ತಡೆಯೇ ಇಲ್ಲದೆ ಗಿರಗಿರ ತಿರುಗಿದರೆ ಕ್ಲಚ್ ಹೋಗಿದೆ. ಅದೊಂದನ್ನು ಬದಲಿಸಿದರೆ ಎಷ್ಟೋ ಗಾಡಿಗಳ ಜ್ವರ ಇಳಿಯುತ್ತದೆ. ಇದು ಸರಿಯಿದ್ದರೆ ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ, ಕೊಳವೆಗಳಲ್ಲಿ ಕಟ್ಟಿದ ಕೆಸರು ನೋಡಬೇಕು. ಕೆಸರು ಕಟ್ಟಿದ ರೇಡಿಯೇಟರಿಗೆ ನಾಲ್ಕು ಫ್ಯಾನ್ ಕಟ್ಟಿದರೂ ಅಷ್ಟೇ.

ಇನ್ನು ಕರೆಂಟ್ ಫ್ಯಾನ್. 1983ರಲ್ಲಿ ಮಾರುತಿ 800 ಬಂದಾಗ ಜನ ಬೆರಗಾಗಿದ್ದ ಸಂಗತಿಗಳಲ್ಲಿ ಇದೂ ಒಂದು: ಇಂಜಿನ್ ನಿಂತ ಮೇಲೂ ಫ್ಯಾನ್ ತಿರುಗುತ್ತದಲ್ಲ! ಆ ಕಾರಿನಲ್ಲಿ ಇಂಜಿನ್ ಅಡ್ಡ ಕೂತಿದ್ದರಿಂದ ಬೆಲ್ಟಿನ ಫ್ಯಾನ್ ರೇಡಿಯೇಟರಿನ ಎದುರಿಗೆ ಬರುವಂತಿರಲಿಲ್ಲ. ಶೋಕಿಗೆ ಹಾಕಿದ್ದಲ್ಲ.

ಪಿಕಪ್‌ಗೆ ಜೋಡಿ ಫ್ಯಾನ್ ಹಾಕಿದರೆ ಸುಮಾರು 25 ಆಂಪಿಯರ್ ಬೇಕಾದೀತು. 12 ವೋಲ್ಟಿನ ಲೆಕ್ಕದಲ್ಲಿ 300 ವ್ಯಾಟ್, ಎರಡೂ ಹೆಡ್‌ಲೈಟಿನ ಎರಡೂವರೆ ಪಟ್ಟು. ಮಳೆಯ ರಾತ್ರಿ ಲೈಟು, ವೈಪರು, ಫ್ಯಾನು ಎಲ್ಲ ಒಟ್ಟಿಗೆ ಓಡಿ ಗಾಡಿ ಜಾಮಿನಲ್ಲಿ ನಿಂತರೆ, ಐಡ್ಲಿಂಗ್‌ನಲ್ಲಿ ಸಣ್ಣ ಆಲ್ಟರ್ನೇಟರು ಅಷ್ಟನ್ನು ಕೊಡಲಾರದು. ಕೊರತೆ ಬ್ಯಾಟರಿಯ ತಲೆ ಮೇಲೆ. ಡೀಸೆಲ್ ಪೂರ್ತಿ ಉಳಿಯುತ್ತದೆಂಬುದೂ ಅರ್ಧ ಸುಳ್ಳು. ಕರೆಂಟು ಹುಟ್ಟುವುದೂ ಅದೇ ಇಂಜಿನ್ನಿನಿಂದಲೇ ತಾನೇ! ಬೇಡದಾಗ ಫ್ಯಾನ್ ನಿಂತಿರುತ್ತದೆ, ಉಳಿತಾಯವೇನಿದ್ದರೂ ಅಷ್ಟೇ.

ಎಡವಟ್ಟುಗಳೂ ಇವೆ. ಸ್ವಿಚ್ಚಿನ ಮೂಲಕವೇ ಪೂರ್ತಿ ಕರೆಂಟು ಹರಿಸಿ ವೈರು ಸುಟ್ಟುಕೊಂಡವರಿದ್ದಾರೆ. ರಿಲೇ ಬೇಕು, ಬ್ಯಾಟರಿ ಹತ್ತಿರವೇ ಫ್ಯೂಸ್ ಬೇಕು. ಎರಡು ವೈರು ಅದಲು ಬದಲಾದರೆ ಫ್ಯಾನ್ ಉಲ್ಟಾ ತಿರುಗಿ ಎದುರುಗಾಳಿಯ ಜತೆ ಜಗಳಕ್ಕೆ ನಿಲ್ಲುತ್ತದೆ. ಪ್ಲಾಸ್ಟಿಕ್ ಕಟ್ಟಿನಿಂದ ರೇಡಿಯೇಟರಿಗೇ ಬಿಗಿದರೆ ಉಜ್ಜಿ ಉಜ್ಜಿ ತೂತು. ಸುತ್ತಲಿನ ತಗಡಿನ ಗೂಡು ತೆಗೆದರೆ ಫ್ಯಾನಿನ ಎದುರಿಗಿರುವಷ್ಟೇ ಜಾಗಕ್ಕೆ ಗಾಳಿ. 95 ಡಿಗ್ರಿ ಆಸುಪಾಸಿಗೆ ತಾನೇ ಹತ್ತಿಕೊಳ್ಳುವ ಥರ್ಮೋ ಸ್ವಿಚ್ ಬಿಟ್ಟು ಡ್ಯಾಶ್‌ಬೋರ್ಡಿನ ಗುಂಡಿಯನ್ನೇ ನಂಬಿದರೆ, ಡ್ರೈವರಿಗೆ ಒಂದು ದಿನ ಮರೆತೇ ಹೋಗುತ್ತದೆ.

ಮುಖ್ಯ ಮಾತು ಬೇರೆಯೇ ಇದೆ. ಘಾಟಿಯಲ್ಲಿ ಗಾಡಿ ನಿಧಾನ, ಇಂಜಿನ್ ಮಾತ್ರ ಜೋರು. ಬೆಲ್ಟಿನ ಫ್ಯಾನ್ ಇಂಜಿನ್ ಜತೆ ಜೋರಾಗಿ ಸುತ್ತಿ, ಬೇಕಾದ ಹೊತ್ತಿಗೇ ಹೆಚ್ಚು ಗಾಳಿ ಎಳೆಯುತ್ತದೆ. ಕರೆಂಟ್ ಫ್ಯಾನಿನ ವೇಗ ಏರಾದರೂ ಅಷ್ಟೇ, ಇಳಿಜಾರಾದರೂ ಅಷ್ಟೇ. ಪೇಟೆಯೊಳಗೆ ಹಾಲು, ಬ್ರೆಡ್ಡು ಹಂಚುವ ಗಾಡಿಗೆ ಅದು ಚೆನ್ನ. ಭಾರ ಹೊತ್ತು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಸಕಲೇಶಪುರಕ್ಕೆ ಹತ್ತುವ ಗಾಡಿಗೆ ಹೊಸ ಕ್ಲಚ್ಚೇ ವಾಸಿ.

ಬಿಚ್ಚಿದ ಹಳೇ ಫ್ಯಾನನ್ನು ಗುಜರಿಗೆ ಹಾಕದೆ, ಗೋಣಿಚೀಲದಲ್ಲಿ ಸುತ್ತಿ ಅಂಗಡಿ ಅಟ್ಟದ ಮೇಲಿಡುವ ಮಾಲೀಕರೂ ಇದ್ದಾರೆ. ಏಪ್ರಿಲ್ ಬಿಸಿಲಿಗೆ ಅದು ಮತ್ತೆ ಕೆಳಗಿಳಿಯುವುದೂ ಉಂಟು.