429 ಕೋಟಿಯ ಸಂಖ್ಯೆಯನ್ನು ಒಡೆದ 641

2ರ ವರ್ಗ 4. ಅದರ ವರ್ಗ 16, ಅದರದ್ದು 256, ಮುಂದಿನದು 65536. ಇವಕ್ಕೆ ಒಂದೊಂದು ಕೂಡಿಸಿದರೆ, 2ಕ್ಕೂ ಸೇರಿಸಿ, ಸಿಗುವವು 3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳೇ. ಫ್ರಾನ್ಸಿನ ತುಲೂಸ್ ನಗರದ ನ್ಯಾಯಾಲಯದಲ್ಲಿದ್ದುಕೊಂಡೇ ಗಣಿತ ಮಾಡುತ್ತಿದ್ದ ಫರ್ಮಾ, ಈ ಸಾಲು ಎಷ್ಟು ದೂರ ಹೋದರೂ ಅವಿಭಾಜ್ಯಗಳನ್ನೇ ಕೊಡುತ್ತದೆಂದು 1640ರಲ್ಲಿ ನಂಬಿದ್ದ. ಆರನೆಯದು 4294967297. ಎಂದರೆ 429 ಕೋಟಿ 49 ಲಕ್ಷ 67 ಸಾವಿರದ 297.

ಇದನ್ನು ಪರೀಕ್ಷಿಸುವುದು ಹೇಗೆ? ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋಗಬೇಕು. 65536ರೊಳಗೆ ಅಂಥವು 6542 ಇವೆ. ಕೈಲೆಕ್ಕದ ಕಾಲದಲ್ಲಿ ಅದು ಯಾರ ಧೈರ್ಯವನ್ನೂ ಉಡುಗಿಸುವ ಕೆಲಸ.

1732ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ 25ರ ತರುಣ ಆಯ್ಲರ್ ಉತ್ತರ ಕೊಟ್ಟ: ಈ ಸಂಖ್ಯೆ 641ರಿಂದ ಭಾಗವಾಗುತ್ತದೆ, ಭಾಗಲಬ್ಧ 6700417. ಅವನು ಮುಂದೆ ಸಾಧಿಸಿ ತೋರಿಸಿದ ಸಂಗತಿ ಇನ್ನೂ ದೊಡ್ಡದು. ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಇದ್ದರೆ, ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು. ಹಾಗೆ ಜರಡಿ ಹಿಡಿದರೆ ಮೊದಲಿಗೆ ಉಳಿಯುವವು 193, 257, 449, 577, 641. ಐದನೆಯ ಭಾಗಾಕಾರಕ್ಕೇ ಗುಟ್ಟು ರಟ್ಟು! ಜರಡಿ ಇಲ್ಲದಿದ್ದರೆ 641ರ ಸರದಿ ಬರುವುದು 116ನೆಯದಾಗಿ.

ಭಾಗಾಕಾರವನ್ನೇ ಮಾಡದ ಇನ್ನೊಂದು ದಾರಿಯೂ ಇದೆ. ನನಗೆ ಬಲು ಇಷ್ಟವಾದದ್ದು ಇದೇ. 640 ಎಂಬುದು 641ಕ್ಕಿಂತ ಒಂದು ಕಡಿಮೆ, ಹಾಗಾಗಿ 640ರ ನಾಲ್ಕನೇ ಘಾತವನ್ನು 641ರಿಂದ ಭಾಗಿಸಿದರೆ ಶೇಷ 1. ಆದರೆ 640 ಎಂದರೆ 5 × 128. ಆದ್ದರಿಂದ ಆ ನಾಲ್ಕನೇ ಘಾತ, 625ನ್ನು 2ರ 28ನೇ ಘಾತದಿಂದ ಗುಣಿಸಿದಷ್ಟು. 625 ಎಂಬುದು 641ಕ್ಕಿಂತ 16 ಕಡಿಮೆ. ಶೇಷದ ಲೆಕ್ಕದಲ್ಲಿ ಅದರ ಜಾಗಕ್ಕೆ −16 ಹಾಕಬಹುದು. 16 ಎಂದರೆ 2ರ 4ನೇ ಘಾತ. ಆಗ 2ರ 32ನೇ ಘಾತದ ಋಣಸಂಖ್ಯೆಗೂ ಶೇಷ 1 ಎಂದಾಯಿತು. ಅಲ್ಲಿಗೆ, 2ರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಬರುವ ನಮ್ಮ 4294967297, 641ರಿಂದ ಶೇಷವಿಲ್ಲದೆ ಭಾಗವಾಗುತ್ತದೆ.

ಈ ಸಂಖ್ಯೆಯ ನೆರೆಹೊರೆಯೂ ಸಾಮಾನ್ಯದ್ದಲ್ಲ. ಒಂದು ಕಡಿಮೆ ಮಾಡಿದರೆ 4294967296. 32 ಬಿಟ್‌ಗಳಲ್ಲಿ ಬರೆಯಬಹುದಾದ ಬೇರೆಬೇರೆ ಸಂಖ್ಯೆಗಳು ಅಷ್ಟೇ. ಅಂತರ್ಜಾಲದ ಹಳೆಯ ವಿಳಾಸ ಪದ್ಧತಿಯ ಮಿತಿಯೂ ಅದೇ. ಇನ್ನೂ ಒಂದು ಕಡಿಮೆ ಮಾಡಿದರೆ ಬರುವ 4294967295, ಮೇಲೆ ಹೇಳಿದ ಐದೂ ಅವಿಭಾಜ್ಯಗಳ ಗುಣಲಬ್ಧ. 1796ರಲ್ಲಿ ಹದಿನೆಂಟರ ಗೌಸ್, ಬರೀ ಅಳತೆಪಟ್ಟಿ ಮತ್ತು ಕೈವಾರದಿಂದ 17 ಬಾಹುಗಳ ಸಮಬಹುಭುಜ ರಚಿಸಬಹುದೆಂದು ತೋರಿಸಿದ. ಅದೇ ತತ್ತ್ವದ ಪ್ರಕಾರ 4294967295 ಬಾಹುಗಳದ್ದನ್ನೂ ರಚಿಸಬಹುದು.

ಫರ್ಮಾನ ಸಾಲಿನಲ್ಲಿ ಆರನೆಯ ಅವಿಭಾಜ್ಯ ಇಂದಿಗೂ ಯಾರಿಗೂ ಸಿಕ್ಕಿಲ್ಲ. ಪ್ರೌಢಶಾಲೆಯ ಗಣಿತ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಶೇಷದ ಪಾಠ ಮುಗಿದ ದಿನ 641ರ ಈ ಸಾಧನೆಯನ್ನು ಕಪ್ಪುಹಲಗೆಯ ಮೇಲೆ ಮಾಡಿ ತೋರಿಸಿ. ಹತ್ತು ನಿಮಿಷ ಸಾಕು.