ದೇವದಾರು ತೈಲ: ಚರ್ಮಕ್ಕೂ ನೆತ್ತಿಗೂ ಎಷ್ಟು ಹಿತ?

ತಲೆಹೊಟ್ಟು, ಕೂದಲುದುರುವಿಕೆ, ಚರ್ಮದ ನವೆ ಇವು ಪ್ರಾಣಾಪಾಯ ತರುವ ಬೇನೆಗಳಲ್ಲ. ಆದರೂ ಮದುವೆಯ ವಯಸ್ಸಿನ ಮಗಳ ತಲೆಯಲ್ಲಿ ರೂಪಾಯಿಯಗಲದ ಬೋಳು ಕಾಣಿಸಿಕೊಂಡರೆ ಮನೆಮಂದಿಯೆಲ್ಲ ಕಳವಳಗೊಳ್ಳುವುದು ಸಹಜ. ಆಗ ಕೇಳಿಬರುವ ಸಲಹೆಗಳಲ್ಲಿ ದೇವದಾರು ತೈಲವೂ ಒಂದು. ಅದರ ಗುಣವನ್ನೂ ಮಿತಿಯನ್ನೂ ತಿಳಿದು ಬಳಸುವುದು ಕ್ಷೇಮ.

ದೇವದಾರು ಹಿಮಾಲಯದ ಮರ. ಅದರ ಚಕ್ಕೆಗಳಿಗೆ ಆವಿ ಹಾಯಿಸಿ, ಬಟ್ಟಿ ಇಳಿಸಿ ತೈಲ ಪಡೆಯುತ್ತಾರೆ. ಅಮೆರಿಕದ ಜೂನಿಪರ್ ಜಾತಿಯ ಮರದ ತೈಲವೂ ‘ಸೀಡರ್‌ವುಡ್’ ಎಂಬ ಹೆಸರಿನಲ್ಲಿಯೇ ಮಾರಾಟವಾಗುವುದುಂಟು. ಆದುದರಿಂದ ಕೊಳ್ಳುವಾಗ ಸೀಸೆಯ ಮೇಲಿನ ಸಸ್ಯನಾಮವನ್ನು ಓದಿರಿ.

ಇದರಿಂದ ಕೂದಲು ಬೆಳೆಯುವುದೇ? ಜನರು ‘ಹುಳು ತಿಂದಿದೆ’ ಎನ್ನುವ ದುಂಡನೆಯ ಬೋಳಿಗೆ ಹುಳು ಕಾರಣವಲ್ಲ. ದೇಹದ ರಕ್ಷಣಾಶಕ್ತಿಯೇ ಕೂದಲಿನ ಬುಡದ ಮೇಲೆ ತಿರುಗಿಬೀಳುವುದು ಕಾರಣ. ಸ್ಕಾಟ್ಲೆಂಡಿನ ವೈದ್ಯರು 1998ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ಇಂಥ ರೋಗಿಗಳು ಸೀಡರ್‌ವುಡ್, ರೋಸ್‌ಮೆರಿ, ಲ್ಯಾವೆಂಡರ್, ಥೈಮ್ ತೈಲಗಳ ಮಿಶ್ರಣವನ್ನು 7 ತಿಂಗಳು ಪ್ರತಿದಿನ ತಿಕ್ಕಿಕೊಂಡರು. 43 ಜನರಲ್ಲಿ 19 ಜನರಿಗೆ ಗುಣ ಕಂಡಿತು. ಬರಿಯ ಎಣ್ಣೆ ಹಚ್ಚಿಕೊಂಡ 41 ಜನರಲ್ಲಿ 6 ಜನರಿಗೆ ಮಾತ್ರ. ಆದರೆ ಮಿಶ್ರಣದಲ್ಲಿ ನಾಲ್ಕು ತೈಲಗಳಿದ್ದುದರಿಂದ ದೇವದಾರು ಒಂದಕ್ಕೇ ಕೀರ್ತಿ ಸಲ್ಲದು. ಈ ಬೋಳು ತಾನಾಗಿಯೇ ಮಾಯುವುದೂ ಉಂಟು.

ತಲೆಹೊಟ್ಟಿನ ವಿಷಯ ಬೇರೆ. ಅದರಲ್ಲಿ ಪಾತ್ರ ವಹಿಸುವ ಮಲಸೇಜಿಯಾ ಎಂಬ ಯೀಸ್ಟು ನೆತ್ತಿಯ ಜಿಡ್ಡಿನಿಂದಲೇ ಪೋಷಣೆ ಪಡೆಯುತ್ತದೆ. ಆದ್ದರಿಂದ ಯಾವ ಎಣ್ಣೆಯನ್ನೂ ರಾತ್ರಿಯಿಡೀ ಬಿಡಬೇಡಿ. ಇದಕ್ಕೆ ಕೀಟೋಕೊನಜೋಲ್ ಶಾಂಪೂ ಹೆಚ್ಚು ಭರವಸೆಯ ಔಷಧ.

ಬಳಸುವುದಾದರೆ ಈ ಸೂಚನೆಗಳನ್ನು ಪಾಲಿಸಿರಿ:

1. ಅಪ್ಪಟ ತೈಲವನ್ನು ಹಾಗೆಯೇ ಹಚ್ಚಬಾರದು. ಎರಡು ದೊಡ್ಡ ಚಮಚ (30 ಮಿ.ಲೀ.) ಕೊಬ್ಬರಿ ಎಣ್ಣೆಗೆ 6 ಹನಿ ಸಾಕು.

2. ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ 48 ಗಂಟೆ ಕಾಯಿರಿ. ಕೆಂಪಾದರೆ, ನವೆಯಾದರೆ ಬಳಸಬೇಡಿ.

3. ಗರ್ಭಿಣಿಯರಿಗೂ ಎಳೆಯ ಮಕ್ಕಳಿಗೂ ಬೇಡ. ಗಾಯಕ್ಕೂ ಕಣ್ಣಿಗೂ ತಾಗಿಸಬಾರದು.

4. ಸೀಸೆಯನ್ನು ಬಿಗಿಯಾಗಿ ಮುಚ್ಚಿ, ಬಿಸಿಲಿಗೂ ಬೆಂಕಿಗೂ ಮಕ್ಕಳ ಕೈಗೂ ದೂರವಿಡಿ. ಹಳಸಿದ ತೈಲ ಚರ್ಮವನ್ನು ಕೆರಳಿಸುತ್ತದೆ. ಮಗು ಕುಡಿದರೆ ವಾಂತಿ ಮಾಡಿಸದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ.

ಕೊನೆಯದಾಗಿ ತಾಯಂದಿರಿಗೆ ಒಂದು ಮಾತು. ಮಗುವಿನ ತಲೆಯಲ್ಲಿ ಹೊಟ್ಟಿನೊಡನೆ ಕೂದಲು ತುಂಡಾಗಿ ಉದುರುತ್ತಿದ್ದರೆ ಅದು ಹುಳುಕಡ್ಡಿ ಇರಬಹುದು. ಅದಕ್ಕೆ ನುಂಗುವ ಔಷಧವೇ ಬೇಕು. ಮೇಲೆ ಹಚ್ಚುವ ಎಣ್ಣೆಯಿಂದ ಗುಣವಾಗದು. ತೈಲವನ್ನು ನಂಬಿ ತಡಮಾಡಿದರೆ, ಕೀವು ತುಂಬಿ ಕಲೆಯುಳಿದು, ಅಲ್ಲಿ ಮತ್ತೆಂದೂ ಕೂದಲು ಬಾರದೆ ಹೋಗಬಹುದು. ಅನುಮಾನ ಬಂದ ದಿನವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ.